ಒಂದೇ ಪ್ರಶ್ನೆ, ಹಲವು ಡೇಟಾಬೇಸ್: ಹಳೆ ಮೈಸೂರಿನ ಕೆರೆಗಳ ಹುಡುಕಾಟದಲ್ಲಿ ಗ್ರಂಥಾಲಯದ ಸೇವೆಗಳ ವಿಮರ್ಶೆ

ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ‘ಇ-ಸಂಪನ್ಮೂಲ’ ಎಂಬಲ್ಲಿ ಒತ್ತಿದರೆ ಜೆಸ್ಟೋರ್, ಸ್ಕೋಪಸ್, ವೆಬ್ ಆಫ್ ಸೈನ್ಸ್, ಜೆ-ಗೇಟ್, ಶೋಧಗಂಗಾ ಎಂದು ಹೆಸರುಗಳ ಉದ್ದನೆಯ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಯಾವುದು ಯಾವ ಕೆಲಸಕ್ಕೆ ಒದಗುತ್ತದೆ ಎಂಬ ವಿವರಣೆ ಮಾತ್ರ ಅಲ್ಲಿರುವುದು ಅಪರೂಪ. ಪಿಎಚ್‌ಡಿಗೆ ಹೊಸದಾಗಿ ನೋಂದಾಯಿಸಿಕೊಂಡವರಿಗಾಗಿ ನಡೆಸುವ ಕಾರ್ಯಾಗಾರಗಳಲ್ಲಿ ತೋರಿಸುವ ಉದಾಹರಣೆಗಳು ಸಾಮಾನ್ಯವಾಗಿ ಔಷಧ ವಿಜ್ಞಾನದವು, ಕಂಪ್ಯೂಟರ್ ವಿಜ್ಞಾನದವು, ಹೆಚ್ಚೆಂದರೆ ಮ್ಯಾನೇಜ್‌ಮೆಂಟಿನವು; ಕನ್ನಡ, ಇತಿಹಾಸ, ಸಮಾಜಶಾಸ್ತ್ರ ವಿಭಾಗಗಳಿಂದ ಬಂದವರು ತಮ್ಮ ವಿಷಯಕ್ಕೆ ಇವು ಹೇಗೆ ಅನ್ವಯಿಸುತ್ತವೆ ಎಂದು ತಾವೇ ಊಹಿಸಿಕೊಳ್ಳಬೇಕು. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೇ ಪ್ರಶ್ನೆಯನ್ನು ಈ ಸೇವೆಗಳ ಮುಂದಿಟ್ಟು ಯಾವುದು ಏನು ಕೊಟ್ಟಿತು ಎಂಬುದನ್ನು ಇಲ್ಲಿ ವಿಮರ್ಶಿಸಿದ್ದೇನೆ. ಪ್ರಶ್ನೆ ಹೀಗಿದೆ: ಹಳೆ ಮೈಸೂರು ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದವರು ಯಾರು, ಅವುಗಳ ಹೂಳು ತೆಗೆಸಿ ಏರಿ ತೂಬುಗಳನ್ನು ನೋಡಿಕೊಂಡವರು ಯಾರು, ಆ ಏರ್ಪಾಡು ಬ್ರಿಟಿಷರ ಕಾಲದಲ್ಲಿ ಮತ್ತು ಅನಂತರ ಏನಾಯಿತು?

ಹುಡುಕುವ ಮುನ್ನವೇ ಎದುರಾಗುವ ತೊಡಕು ಪದಗಳದ್ದು. ಇಂಗ್ಲಿಷಿನ ವಿದ್ವತ್ ಬರಹದಲ್ಲಿ ನಮ್ಮ ಕೆರೆಗೆ ‘ಟ್ಯಾಂಕ್’ ಎಂಬ ಹೆಸರು ನೂರಾರು ವರ್ಷಗಳಿಂದ ನಿಂತುಬಿಟ್ಟಿದೆ. ಆ ಒಂದೇ ಪದವನ್ನು ಯಾವ ಡೇಟಾಬೇಸಿಗೆ ಕೊಟ್ಟರೂ ಯುದ್ಧದ ಟ್ಯಾಂಕು, ಮೀನು ಸಾಕುವ ತೊಟ್ಟಿ, ಪೆಟ್ರೋಲಿಯಂ ಸಂಗ್ರಹಾಗಾರ ಇವೇ ಮೊದಲು ಬರುತ್ತವೆ. ಹಾಗೆಂದು ‘ಕೆರೆ’ಯನ್ನೇ ರೋಮನ್ ಲಿಪಿಯಲ್ಲಿ ಬರೆದರೆ ಬುರ್ಕಿನಾ ಫಾಸೊ ಮೂಲದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಅವರ ಕಟ್ಟಡಗಳ ಬಗೆಗಿನ ಲೇಖನಗಳು ಎದುರಾಗುತ್ತವೆ. 2022ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದ ಮೇಲಂತೂ ಅಂಥ ಬರಹಗಳಿಗೆ ಬರವಿಲ್ಲ. ಊರಿನ ಹೆಸರಿಗೂ ಇದೇ ಪಾಡು. 1973ಕ್ಕಿಂತ ಹಿಂದಿನ ಬರಹಗಳಲ್ಲಿ ರಾಜ್ಯದ ಹೆಸರು ಮೈಸೂರು, ಅನಂತರ ಕರ್ನಾಟಕ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರಿನಿಂದ ಬದಲಾಗಿದೆ. ಹತ್ತೊಂಬತ್ತನೆಯ ಶತಮಾನದವರು ಕನ್ನಡವನ್ನು ‘ಕೆನರೀಸ್’ ಎಂದು ಬರೆಯುತ್ತಿದ್ದರು, ಅದರಲ್ಲೂ ಕೆಲವರು ಸಿ ಅಕ್ಷರದಿಂದ, ಕೆಲವರು ಕೆ ಅಕ್ಷರದಿಂದ. ಆದ್ದರಿಂದ ಹುಡುಕುವ ಪದಗಳಲ್ಲಿ ಯಾವುದಾದರೊಂದು ಇರಲಿ, ಎಲ್ಲವೂ ಇರಲಿ, ಇಂಥದ್ದು ಬೇಡ ಎಂದು ಹೇಳುವ ‘ಆರ್’, ‘ಆಂಡ್’, ‘ನಾಟ್’ ಎಂಬ ಬೂಲಿಯನ್ ಜೋಡಕಗಳು ನಮ್ಮಂಥವರಿಗೆ ಕಾರ್ಯಾಗಾರದ ಪಾಠವಾಗಿ ಮುಗಿಯುವುದಿಲ್ಲ. ಒಂದು ಹೆಸರಿನ ಎಲ್ಲ ರೂಪಗಳನ್ನೂ ಆವರಣದೊಳಗೆ ‘ಆರ್’ನಿಂದ ಜೋಡಿಸದೆ ಹೋದರೆ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ದಾರಿಯಿದೆ. ವಿಶಾಲವಾದ ಪದವನ್ನು ಬಿಟ್ಟು, ಆ ವಿಷಯಕ್ಕೆ ಮಾತ್ರ ಸಲ್ಲುವ ಕಿರಿದಾದ ಪದವನ್ನು ಹಿಡಿಯುವುದು. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುತ್ತಿದ್ದ ನೀರುಗಂಟಿ, ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ಕಾಪಾಡಿದವನಿಗೆ ಬಿಟ್ಟುಕೊಡುತ್ತಿದ್ದ ಭೂಮಿಯನ್ನು ಕುರಿತು ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಶಬಂಧ, ಕೆರೆಯ ಕೆಳಗಿನ ಅಚ್ಚುಕಟ್ಟು, ರಿಪೇರಿ ಕೆಲಸಕ್ಕೆ ಸಂಬಂಧಿಸಿದ ಕುಡಿಮರಾಮತ್ತು, ಇಂಥ ಮಾತುಗಳು ಮೀನಿನ ತೊಟ್ಟಿಯ ಲೇಖನದಲ್ಲಿ ಬರುವುದಿಲ್ಲ. ಇವುಗಳಿಗೂ ರೋಮನ್ ಲಿಪಿಯಲ್ಲಿ ಹಲವು ಕಾಗುಣಿತಗಳಿವೆ ಎಂಬುದು ನಿಜ. ಆದರೆ ಸಿಕ್ಕಿದ್ದು ಕೆಲವೇ ಆದರೂ ಅವೆಲ್ಲ ನಮ್ಮವೇ ಆಗಿರುತ್ತವೆ. ಈ ಬಗೆಯ ಪದವನ್ನು ಲೇಖನದ ಒಳಪಠ್ಯದವರೆಗೂ ಹೋಗಿ ಹುಡುಕಬಲ್ಲ ಸೇವೆ ಯಾವುದು ಎಂಬುದೇ ಈ ವಿಮರ್ಶೆಯ ಅಳತೆಗೋಲು.

ಆ ಅಳತೆಯಲ್ಲಿ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಹಿಂದೆ ಬೀಳುತ್ತವೆ. ಎಲ್ಸೆವಿಯರ್ ಸಂಸ್ಥೆ 2004ರಲ್ಲಿ ಆರಂಭಿಸಿದ ಸ್ಕೋಪಸ್ ತಾನಾಗಿ ಹುಡುಕುವುದು ಶೀರ್ಷಿಕೆ, ಸಾರಾಂಶ ಮತ್ತು ಕೀವರ್ಡ್‌ಗಳಲ್ಲಿ ಮಾತ್ರ. ವೆಬ್ ಆಫ್ ಸೈನ್ಸಿನ ‘ಟಾಪಿಕ್’ ಹುಡುಕಾಟವೂ ಹೆಚ್ಚುಕಡಿಮೆ ಅಷ್ಟೇ. ಲೇಖನದ ಹದಿನಾಲ್ಕನೆಯ ಪುಟದ ಅಡಿಟಿಪ್ಪಣಿಯಲ್ಲಿ ನೀರುಗಂಟಿಯ ಪ್ರಸ್ತಾಪವಿದ್ದರೆ ಇವೆರಡಕ್ಕೂ ಅದು ಕಾಣದು. ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ರೂಪಿಸಿದ ವಿಜ್ಞಾನ ಉಲ್ಲೇಖ ಸೂಚಿಯಿಂದ ಬೆಳೆದು ಬಂದ ವೆಬ್ ಆಫ್ ಸೈನ್ಸ್ ಮೂಲತಃ ಯಾರು ಯಾರನ್ನು ಉಲ್ಲೇಖಿಸಿದರು ಎಂಬ ಲೆಕ್ಕವಿಡುವ ಸಾಧನ. ಆ ಕೆಲಸವನ್ನು ಅದು ಇಂದಿಗೂ ಅಚ್ಚುಕಟ್ಟಾಗಿ ಮಾಡುತ್ತದೆ. ಕೆರೆಗಳ ಹೂಳು, ಅಂತರ್ಜಲ, ದೂರಸಂವೇದಿ ಚಿತ್ರಗಳ ಬಗ್ಗೆ ಇತ್ತೀಚಿನ ವೈಜ್ಞಾನಿಕ ಲೇಖನಗಳು ಬೇಕಾದರೆ ಎರಡೂ ಒಳ್ಳೆಯವೇ. ಇತಿಹಾಸದ ವಿದ್ಯಾರ್ಥಿಗೆ ಇವುಗಳ ಮುಖ್ಯ ಉಪಯೋಗ, ತನ್ನ ಲೇಖನ ಪ್ರಕಟವಾದ ಜರ್ನಲ್ ಪಟ್ಟಿಯಲ್ಲಿದೆಯೇ ಎಂದು ವಿಭಾಗದ ಸಮಿತಿಗೆ ತೋರಿಸುವುದು ಎಂದರೆ ಅತಿಶಯೋಕ್ತಿಯಾಗಲಾರದು.

ಜೆಸ್ಟೋರ್‌ನ ವಿಚಾರ ಬೇರೆ. ಅಮೆರಿಕದ ಗ್ರಂಥಾಲಯಗಳಲ್ಲಿ ಹಳೆಯ ಜರ್ನಲುಗಳ ಸಂಪುಟಗಳು ಕಪಾಟುಗಳನ್ನು ತುಂಬಿ ಜಾಗವೇ ಇಲ್ಲದಂತಾದಾಗ, ಆ ಭಾರವನ್ನು ಇಳಿಸುವ ಉಪಾಯವಾಗಿ 1995ರಲ್ಲಿ ಹುಟ್ಟಿದ ಸಂಸ್ಥೆಯಿದು. ಅದರ ಗುಣ ದೋಷಗಳೆರಡಕ್ಕೂ ಮೂಲ ಅಲ್ಲಿದೆ. ಜರ್ನಲಿನ ಮೊದಲ ಸಂಚಿಕೆಯಿಂದಲೇ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಇಟ್ಟಿರುವುದರಿಂದ ಹುಡುಕಾಟ ಒಳಪಠ್ಯಕ್ಕೂ ಅಡಿಟಿಪ್ಪಣಿಗೂ ತಲುಪುತ್ತದೆ. ಆದರೆ ಅನೇಕ ಜರ್ನಲುಗಳ ಇತ್ತೀಚಿನ ಮೂರರಿಂದ ಐದು ವರ್ಷಗಳ ಸಂಚಿಕೆಗಳು ‘ಚಲಿಸುವ ಗೋಡೆ’ ಎಂದು ಕರೆಯಲಾಗುವ ಗಡುವಿನ ಆಚೆ ಉಳಿದುಬಿಡುತ್ತವೆ. ನಮ್ಮ ಪ್ರಶ್ನೆಗೆ ಈ ಗೋಡೆಯಿಂದ ದೊಡ್ಡ ನಷ್ಟವೇನಿಲ್ಲ. ಕೆರೆಗಳ ಇತಿಹಾಸದ ಮೇಲಿನ ಗಟ್ಟಿ ಲೇಖನಗಳು ಬಹಳಷ್ಟು ಹಿಂದಿನವೇ. ಇಂಡಿಯನ್ ಹಿಸ್ಟರಿ ಕಾಂಗ್ರೆಸ್ಸಿನ ವಾರ್ಷಿಕ ಅಧಿವೇಶನಗಳ ನಡಾವಳಿ, ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಚಿಕೆಗಳು, ಸೋಷಿಯಲ್ ಸೈಂಟಿಸ್ಟ್, ಪುಣೆಯ ಭಂಡಾರ್ಕರ್ ಸಂಸ್ಥೆಯ ವಾರ್ಷಿಕ ಪತ್ರಿಕೆ, ಸಾಹಿತ್ಯ ಅಕಾಡೆಮಿಯ ಇಂಡಿಯನ್ ಲಿಟರೇಚರ್ ಇವೆಲ್ಲ ಒಂದೇ ಸೂರಿನಡಿ ಸಿಗುತ್ತವೆ. ಹಿಸ್ಟರಿ ಕಾಂಗ್ರೆಸ್ಸಿನ ನಡಾವಳಿಯಲ್ಲಿ ಸಣ್ಣ ಊರುಗಳ ಕಾಲೇಜು ಅಧ್ಯಾಪಕರು ಒಂದು ತಾಲ್ಲೂಕಿನ ಶಾಸನಗಳನ್ನಷ್ಟೇ ಇಟ್ಟುಕೊಂಡು ಬರೆದ ಪುಟ್ಟ ಲೇಖನಗಳಿರುತ್ತವೆ. ಅಂಥವು ಬೇರೆ ಯಾವ ಅಂತರರಾಷ್ಟ್ರೀಯ ಡೇಟಾಬೇಸಿನಲ್ಲೂ ಸುಲಭವಾಗಿ ಸಿಗುವುದಿಲ್ಲ.

ಜೆಸ್ಟೋರ್‌ನ ‘ಅಡ್ವಾನ್ಸ್ಡ್ ಸರ್ಚ್’ ಪುಟದಲ್ಲಿ ಬಹುತೇಕ ಜನ ಕಣ್ಣೆತ್ತಿಯೂ ನೋಡದ ಒಂದು ಸೌಲಭ್ಯವಿದೆ. ಎರಡು ಪದಗಳು ಐದು, ಹತ್ತು ಅಥವಾ ಇಪ್ಪತ್ತೈದು ಪದಗಳ ಅಂತರದೊಳಗೆ ಬರಬೇಕು ಎಂದು ಷರತ್ತು ಹಾಕುವ ‘ನಿಯರ್’ ಆಯ್ಕೆ. ‘ಟ್ಯಾಂಕ್’ ಮತ್ತು ‘ಮೈಸೂರ್’ ಒಂದೇ ಲೇಖನದಲ್ಲಿ ಎಲ್ಲಾದರೂ ಇರಲಿ ಎಂದು ಕೇಳಿದರೆ ಟಿಪ್ಪು ಸುಲ್ತಾನನ ಯುದ್ಧಗಳಿಂದ ಹಿಡಿದು ರೇಷ್ಮೆ ಉದ್ದಿಮೆಯವರೆಗೆ ಎಲ್ಲವೂ ಬಂದು ಬೀಳುತ್ತದೆ. ಹತ್ತು ಪದಗಳೊಳಗೆ ಎಂದು ಬಿಗಿ ಮಾಡಿದರೆ ಪಟ್ಟಿ ಓದಬಲ್ಲಷ್ಟಕ್ಕೆ ಇಳಿಯುತ್ತದೆ, ಮೇಲಿನ ಸಾಲಿನಲ್ಲೇ ಕೆರೆ ಸಿಗುತ್ತದೆ. ಲೇಖನದ ತಿರುಳಿಗೆ ಬೆಲೆ ಕೊಡುವ ಹುಡುಕಾಟ ಎಂದರೆ ಇದು. ಒಂದು ದೋಷವನ್ನೂ ಹೇಳಬೇಕು: ಹಳೆಯ ಪುಟಗಳನ್ನು ಯಂತ್ರ ಓದಿದ್ದರಿಂದ, ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕೆ ಹಾಕಿ ಬರೆದ ಸಂಸ್ಕೃತ ಕನ್ನಡ ಪದಗಳು ಕೆಲವೊಮ್ಮೆ ಗುರುತು ಸಿಗದಷ್ಟು ಕೆಟ್ಟಿರುತ್ತವೆ. ಗ್ರಂಥಾಲಯ ಚಂದಾ ಕಟ್ಟಿಲ್ಲದಿದ್ದರೂ ಉಚಿತ ವೈಯಕ್ತಿಕ ಖಾತೆ ತೆರೆದರೆ ಮೂವತ್ತು ದಿನಗಳಲ್ಲಿ ನೂರು ಲೇಖನಗಳವರೆಗೆ ಜಾಲದಲ್ಲೇ ಓದಬಹುದು, ಇಳಿಸಿಕೊಳ್ಳಲಾಗುವುದಿಲ್ಲ. ಒಬ್ಬ ಸಂಶೋಧಕನ ತಿಂಗಳ ಓದಿಗೆ ಅದು ಧಾರಾಳ.

ಗೂಗಲ್ ಸ್ಕಾಲರ್ ಗ್ರಂಥಾಲಯದ ಸೇವೆಯಲ್ಲ, ಆದರೂ ಅದನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಒಳಪಠ್ಯವನ್ನು ಅದು ಓದುತ್ತದೆ, ಒಂದು ಲೇಖನವನ್ನು ಉಲ್ಲೇಖಿಸಿದ ಮುಂದಿನ ಬರಹಗಳ ಸರಪಣಿಯನ್ನು ಕ್ಷಣದಲ್ಲಿ ಕಟ್ಟಿಕೊಡುತ್ತದೆ, ‘ಎಲ್ಲ ಆವೃತ್ತಿಗಳು’ ಎಂಬ ಕೊಂಡಿಯಲ್ಲಿ ಲೇಖಕರೇ ತಮ್ಮ ಪುಟದಲ್ಲಿ ಹಾಕಿಕೊಂಡ ಉಚಿತ ಪ್ರತಿ ಸಿಗುವುದುಂಟು. ಸೆಟ್ಟಿಂಗ್ಸ್‌ನಲ್ಲಿ ‘ಲೈಬ್ರರಿ ಲಿಂಕ್ಸ್’ ಎಂಬಲ್ಲಿ ನಮ್ಮ ವಿಶ್ವವಿದ್ಯಾಲಯದ ಹೆಸರಿದ್ದರೆ ಅದನ್ನು ಸೇರಿಸಿಕೊಂಡಾಗ, ಚಂದಾ ಇರುವ ಲೇಖನದ ಪಕ್ಕದಲ್ಲೇ ನೇರ ಕೊಂಡಿ ಕಾಣಿಸುತ್ತದೆ. ಆದರೆ ಅದು ಏನನ್ನು ಸೇರಿಸಿಕೊಂಡಿದೆ, ಏನನ್ನು ಬಿಟ್ಟಿದೆ ಎಂಬುದನ್ನು ಎಲ್ಲೂ ಹೇಳುವುದಿಲ್ಲ, ವಿಷಯವಾರು ಬೇರ್ಪಡಿಸಲು ಬಿಡುವುದಿಲ್ಲ, ತಜ್ಞರ ಪರಿಶೀಲನೆಯಾದ ಲೇಖನವನ್ನೂ ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲಿನ ಲೇಖನವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಬೆಂಗಳೂರಿನ ಇನ್ಫರ್ಮ್ಯಾಟಿಕ್ಸ್ ಇಂಡಿಯಾ ಸಂಸ್ಥೆ ರೂಪಿಸಿದ ಜೆ-ಗೇಟ್ ಭಾರತೀಯ ಜರ್ನಲುಗಳನ್ನು ಹುಡುಕಲು ಪ್ರಯೋಜನಕಾರಿ. ಅದರ ವಿಷಯವಿಂಗಡಣೆ ಚೆನ್ನಾಗಿದೆ, ಆದರೆ ಫಲಿತಾಂಶದಿಂದ ಪೂರ್ಣ ಲೇಖನಕ್ಕೆ ಹೋಗುವ ದಾರಿ ಪ್ರತಿ ಸಲವೂ ತೆರೆದಿರುವುದಿಲ್ಲ.

ಇನ್ನು ಶೋಧಗಂಗಾ. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರಕ್ಕೆ ತಳಹದಿ ಒದಗಿಸಿದ್ದು, ಪಿಎಚ್‌ಡಿ ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಕೊಡುವುದನ್ನು ಕಡ್ಡಾಯಗೊಳಿಸಿದ 2009ರ ಯುಜಿಸಿ ನಿಯಮಾವಳಿ. ಈಗ ಅದರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಹಾಪ್ರಬಂಧಗಳಿವೆ. ಲಾಗಿನ್ ಬೇಕಿಲ್ಲ, ಚಂದಾ ಬೇಕಿಲ್ಲ, ಯಾವ ಊರಿನಿಂದ ಬೇಕಾದರೂ ಓದಬಹುದು. ಹುಡುಕಾಟದ ಸೌಕರ್ಯದಲ್ಲಿ ಇದು ಮೇಲೆ ಹೇಳಿದ ಎಲ್ಲದಕ್ಕಿಂತ ಹಿಂದಿದೆ. ನಮ್ಮ ಪ್ರಶ್ನೆಗೆ ಕೊಟ್ಟ ಉತ್ತರದಲ್ಲಿ ಎಲ್ಲದಕ್ಕಿಂತ ಮುಂದಿದೆ. ಕನ್ನಡ ವಿಭಾಗಗಳಲ್ಲಿ, ಇತಿಹಾಸ ವಿಭಾಗಗಳಲ್ಲಿ ಒಂದೊಂದು ಜಿಲ್ಲೆಯ ಕೆರೆಗಳನ್ನು, ಶಾಸನಗಳಲ್ಲಿನ ನೀರಾವರಿಯನ್ನು, ಕೆರೆಗೆ ಸಂಬಂಧಿಸಿದ ಜನಪದ ನಂಬಿಕೆಗಳನ್ನು ಹಿಡಿದು ವರ್ಷಗಟ್ಟಲೆ ದುಡಿದವರ ಬರಹ ಇಲ್ಲಿದೆ, ಅದರಲ್ಲಿ ಬಹುಪಾಲು ಪುಸ್ತಕವಾಗಿ ಹೊರಬಂದಿಲ್ಲ.

ಇವನ್ನು ಕಂಡುಹಿಡಿಯುವುದೇ ಸಾಹಸ. ಕನ್ನಡ ಮಹಾಪ್ರಬಂಧದ ಶೀರ್ಷಿಕೆಯನ್ನು ಒಂದು ವಿಶ್ವವಿದ್ಯಾಲಯ ಕನ್ನಡ ಲಿಪಿಯಲ್ಲಿ ದಾಖಲಿಸಿದ್ದರೆ ಇನ್ನೊಂದು ರೋಮನ್ ಲಿಪಿಯಲ್ಲಿ ತನಗೆ ತೋಚಿದ ಕಾಗುಣಿತದಲ್ಲಿ ಹಾಕಿರುತ್ತದೆ, ಮತ್ತೊಂದು ಇಂಗ್ಲಿಷಿಗೆ ಭಾಷಾಂತರಿಸಿ ಹಾಕಿರುತ್ತದೆ. ನಮ್ಮ ಮಹಾಪ್ರಬಂಧಗಳ ಶೀರ್ಷಿಕೆಗಳಲ್ಲಿ ಗಣನೀಯ ಪಾಲು ‘ಒಂದು ಅಧ್ಯಯನ’ ಎಂದು ಮುಗಿಯುವುದರಿಂದ, ‘ಅಧ್ಯಯನ’ ಎಂಬುದನ್ನು ಹುಡುಕುವ ಪದಗಳಲ್ಲಿ ಸೇರಿಸಿದವರನ್ನು ದೇವರೇ ಕಾಪಾಡಬೇಕು. ಹುಡುಕು ಪೆಟ್ಟಿಗೆಯನ್ನು ನೆಚ್ಚಿಕೊಳ್ಳುವುದಕ್ಕಿಂತ, ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ ಎಂದು ಇಳಿದುಕೊಂಡು ಹೋಗಿ ಪಟ್ಟಿಯನ್ನು ಕಣ್ಣಿನಿಂದಲೇ ಓದುವುದು ನಿಧಾನವಾದರೂ ನಂಬಬಹುದಾದ ಕ್ರಮ. ಮೈಸೂರು, ಧಾರವಾಡ, ಬೆಂಗಳೂರು, ಹಂಪಿ, ಕುವೆಂಪು ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳಷ್ಟನ್ನೇ ಹೀಗೆ ನೋಡಿದರೂ, ಪೆಟ್ಟಿಗೆಯಲ್ಲಿ ಪದ ಹಾಕಿ ಹುಡುಕಿದಾಗ ಕೈತಪ್ಪಿದ್ದ ಶೀರ್ಷಿಕೆಗಳು ಎದುರಾಗುತ್ತವೆ.

ಮಹಾಪ್ರಬಂಧ ಸಿಕ್ಕ ಮೇಲೆ ಅದು ಒಂದೇ ಕಡತವಾಗಿ ಇರುವುದಿಲ್ಲ. ‘01_ಟೈಟಲ್’ ಎಂಬುದರಿಂದ ಶುರುವಾಗಿ ಪ್ರಮಾಣಪತ್ರಕ್ಕೊಂದು, ಪರಿವಿಡಿಗೊಂದು, ಅಧ್ಯಾಯಕ್ಕೊಂದರಂತೆ ಸಂಖ್ಯೆ ಹಚ್ಚಿದ ಪಿಡಿಎಫ್‌ಗಳ ಸಾಲು ಬರುತ್ತದೆ, ಕೊನೆಯಲ್ಲಿ ‘80_ರೆಕಮೆಂಡೇಶನ್’ ಎಂಬ ವಿಚಿತ್ರ ಹೆಸರಿನ ಕಡತ. ಹೊಸಬರು ಅದನ್ನು ಶಿಫಾರಸು ಪತ್ರವೆಂದು ತಿಳಿದು ಬಿಟ್ಟುಬಿಡುತ್ತಾರೆ; ವಾಸ್ತವದಲ್ಲಿ ಅದರೊಳಗೆ ಸಾಮಾನ್ಯವಾಗಿ ಮುಖಪುಟ ಮತ್ತು ಉಪಸಂಹಾರದ ಅಧ್ಯಾಯ ಇರುತ್ತವೆ. ಮೊದಲು ಅದನ್ನೇ ತೆರೆದು ನಾಲ್ಕು ಪುಟ ಓದಿದರೆ ಉಳಿದ ಅಧ್ಯಾಯಗಳನ್ನು ಇಳಿಸಿಕೊಳ್ಳಬೇಕೇ ಬೇಡವೇ ಎಂಬುದು ತೀರ್ಮಾನವಾಗುತ್ತದೆ. ಎರಡನೆಯದಾಗಿ ನೋಡಬೇಕಾದದ್ದು ಗ್ರಂಥಸೂಚಿಯ ಕಡತ. ಮಹಾಪ್ರಬಂಧದ ವಾದ ಸಪ್ಪೆಯಾಗಿದ್ದರೂ ಅದರ ಗ್ರಂಥಸೂಚಿ ಬಹಳ ಸಲ ಚಿನ್ನದಂಥದ್ದು, ಏಕೆಂದರೆ ಯಾವ ವಿದೇಶಿ ಡೇಟಾಬೇಸೂ ಹೆಸರಿಸದ ಕನ್ನಡದ ಲೇಖನಗಳು, ಸ್ಮರಣ ಸಂಚಿಕೆಗಳು, ಜಿಲ್ಲಾ ಇತಿಹಾಸ ಗೋಷ್ಠಿಯ ಸಂಪುಟಗಳು ಅಲ್ಲಿ ಪುಟಸಂಖ್ಯೆ ಸಹಿತ ಸಿಗುತ್ತವೆ.

ಶೋಧಗಂಗಾದ ದೊಡ್ಡ ಕುಂದು ಅಕ್ಷರದ್ದು, ಅದರ ಹೊಣೆ ಆ ಭಂಡಾರದ್ದಲ್ಲ. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಸಿದ ಮಹಾಪ್ರಬಂಧಗಳು ಕಣ್ಣಿಗೆ ಚೊಕ್ಕ ಕನ್ನಡವಾಗಿ ಕಂಡರೂ, ಒಂದು ಸಾಲನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಪೌಂಡಿನ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಎ ಅಕ್ಷರ ಇವುಗಳ ಕಲಸುಮೇಲೋಗರವಾಗುತ್ತದೆ. ಯಂತ್ರಕ್ಕೆ ಕಾಣುವುದೂ ಅದೇ ಕಲಸುಮೇಲೋಗರ. ಹೀಗಾಗಿ ಒಳಪಠ್ಯದಲ್ಲಿ ‘ನೀರುಗಂಟಿ’ ಎಂದು ಹುಡುಕಿದರೆ ಆ ಪದ ನೂರು ಸಲ ಬಂದಿರುವ ಅಧ್ಯಾಯವೂ ಸಿಗದು. ಅಚ್ಚಿನ ಪ್ರತಿಯನ್ನು ಸ್ಕ್ಯಾನ್ ಮಾಡಿ ಹಾಕಿದವುಗಳದ್ದು ಇನ್ನೂ ಕಷ್ಟ. ಅವು ಬರೀ ಚಿತ್ರಗಳು. ಹಳೆಯ ಫಾಂಟನ್ನು ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಇವೆ. ಅಗತ್ಯದ ಅಧ್ಯಾಯವನ್ನು ಹಾಗೆ ಪರಿವರ್ತಿಸಿಕೊಂಡರೆ ತಕ್ಕಮಟ್ಟಿಗೆ ಕೆಲಸ ನಡೆಯುತ್ತದೆ, ಒತ್ತಕ್ಷರಗಳನ್ನು ಮಾತ್ರ ಮತ್ತೊಮ್ಮೆ ನೋಡಿಕೊಳ್ಳಬೇಕು.

ಕನ್ನಡದ ಹಳೆಯ ವಿದ್ವತ್ ಪತ್ರಿಕೆಗಳು ಈ ಯಾವ ಸೇವೆಯಲ್ಲೂ ಸರಿಯಾಗಿ ಸೇರಿಲ್ಲ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಆರಂಭವಾಗಿ ಮುಂದೆ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಪ್ರಬುದ್ಧ ಕರ್ಣಾಟಕ, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ಇವುಗಳ ಲೇಖನಗಳನ್ನು ಸ್ಕೋಪಸ್ಸಿನಲ್ಲಿ ಹುಡುಕುವುದು ವ್ಯರ್ಥ. ಬಿ. ಎಲ್. ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಂಥ ಮೂಲ ಆಕರಗಳು ಚಂದಾ ಕಟ್ಟಿದ ಯಾವ ಡೇಟಾಬೇಸಿಗಿಂತಲೂ ಸುಲಭವಾಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಬಿತ್ತುವಟ್ಟದ ಶಾಸನ ಯಾವ ತಾಲ್ಲೂಕಿನ ಎಷ್ಟನೆಯ ಸಂಖ್ಯೆ ಎಂಬುದನ್ನು ಜೆಸ್ಟೋರ್‌ನ ಲೇಖನದ ಅಡಿಟಿಪ್ಪಣಿಯಿಂದ ಗುರುತು ಹಾಕಿಕೊಂಡು, ಶಾಸನದ ಪಾಠವನ್ನು ಅಲ್ಲಿ ತೆರೆದು ಓದುವುದು ರೂಢಿಯಾದರೆ, ಎರಡನೆಯವರ ಉಲ್ಲೇಖವನ್ನೇ ಮೂರನೆಯವರು ಎತ್ತಿ ಬರೆಯುವ ಚಾಳಿ ಕಡಿಮೆಯಾದೀತು.

ಇಷ್ಟೆಲ್ಲ ಹೇಳಿದ ಮೇಲೆ ಪ್ರವೇಶದ ಪ್ರಶ್ನೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ, ಸರ್ಕಾರಿ ಸಂಸ್ಥೆಗಳಿಗೆಲ್ಲ ಒಟ್ಟಾಗಿ ಜರ್ನಲುಗಳ ಚಂದಾ ಕಟ್ಟುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಿಂದ ಈ ಚಿತ್ರ ಬಹಳ ಬದಲಾಗಿದೆ. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಇದು ಅದರ ಗಾತ್ರ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಲ್ಲವೂ ಅದರಲ್ಲಿವೆ. ಕೆರೆಗಳ ಪ್ರಶ್ನೆಗೆ ಅವಶ್ಯವಾದ ಇಂಡಿಯನ್ ಎಕನಾಮಿಕ್ ಅಂಡ್ ಸೋಷಿಯಲ್ ಹಿಸ್ಟರಿ ರಿವ್ಯೂ ಸೇಜ್‌ನದು, ಮಾಡರ್ನ್ ಏಷ್ಯನ್ ಸ್ಟಡೀಸ್ ಕೇಂಬ್ರಿಡ್ಜ್‌ನದು. ಹಿಂದೆ ದೊಡ್ಡ ವಿಶ್ವವಿದ್ಯಾಲಯಗಳಿಗಷ್ಟೇ ಎಟುಕುತ್ತಿದ್ದ ಇಂಥ ಜರ್ನಲುಗಳ ಹೊಸ ಸಂಚಿಕೆಯನ್ನು ಈಗ ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕರು ತೆರೆಯಬಹುದು. ಖಾಸಗಿ ಆಡಳಿತದ ಕಾಲೇಜುಗಳು ಮೊದಲ ಹಂತದಲ್ಲಿ ಇದರ ಹೊರಗೇ ಉಳಿದಿವೆ. ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳಲ್ಲಿ ಪಾಠ ಮಾಡುತ್ತ ಪಿಎಚ್‌ಡಿ ಮಾಡುವವರು ಎಷ್ಟು ಮಂದಿ ಇದ್ದಾರೆಂಬುದನ್ನು ಬಲ್ಲವರಿಗೆ ಇದು ಸಣ್ಣ ಲೋಪವೆನಿಸದು. ಅವರು ನೋಂದಾಯಿಸಿಕೊಂಡಿರುವ ವಿಶ್ವವಿದ್ಯಾಲಯದ ಮೂಲಕ ಬರುವುದೊಂದೇ ದಾರಿ.

ಆ ದಾರಿ ಕಾಗದದ ಮೇಲೆ ಸಲೀಸಾಗಿದೆ. ಕ್ಯಾಂಪಸ್ಸಿನೊಳಗಿನ ಜಾಲದಿಂದ ಬಂದರೆ ಐಪಿ ವಿಳಾಸವೇ ಗುರುತು, ಬೇರೆ ಲಾಗಿನ್ ಬೇಡ. ಮನೆಯಿಂದ ಓದುವವರಿಗೆ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ವ್ಯವಸ್ಥೆಯಿದೆ. ಪ್ರಕಾಶಕರ ಪುಟದಲ್ಲಿ ‘ಸಂಸ್ಥೆಯ ಮೂಲಕ ಪ್ರವೇಶ’ ಎಂಬರ್ಥದ ಕೊಂಡಿ ಒತ್ತಿ, ಪಟ್ಟಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಆರಿಸಿ, ಗ್ರಂಥಾಲಯ ಕೊಟ್ಟ ಬಳಕೆದಾರರ ಹೆಸರಿನಿಂದ ಒಳಹೋಗಬೇಕು. ನಾನು ಬಳಸುವ ಗ್ರಂಥಾಲಯದಲ್ಲಿ ವರ್ಷದ ಶುಲ್ಕ ನವೀಕರಣವಾಗುವ ಹೊತ್ತಿಗೆ ಈ ಖಾತೆ ಸದ್ದಿಲ್ಲದೆ ನಿಂತುಹೋಗುತ್ತದೆ, ಶುಲ್ಕ ಕಟ್ಟಿದ ರಸೀದಿಯನ್ನು ಕೈಯಲ್ಲಿ ಹಿಡಿದು ಖುದ್ದಾಗಿ ಹೋದ ಹೊರತು ಮತ್ತೆ ಚಾಲನೆಯಾಗುವುದಿಲ್ಲ. ನೂರಿಪ್ಪತ್ತು ಕಿಲೋಮೀಟರ್ ದೂರದ ಊರಿನಲ್ಲಿ ಇರುವವರಿಗೆ ರಿಮೋಟ್ ಲಾಗಿನ್ ಎಂಬುದು ಹೀಗೆ ಬಸ್ ಪ್ರಯಾಣವನ್ನು ಒಳಗೊಂಡ ಸೇವೆಯಾಗಿದೆ. ಅಲ್ಲಿನ ಇ-ಸಂಪನ್ಮೂಲ ವಿಭಾಗದ ಗ್ರಂಥಪಾಲಕರಾದರೋ ಸಹಾಯಕ್ಕೆ ಸದಾ ಸಿದ್ಧರು. ಚಂದಾ ಇಲ್ಲದ ಲೇಖನ ಬೇಕೆಂದರೆ ಡೆಲ್ನೆಟ್ ಎಂಬ ಗ್ರಂಥಾಲಯಗಳ ಜಾಲದ ಮೂಲಕ ಬೇರೆ ಗ್ರಂಥಾಲಯದಿಂದ ತರಿಸಿಕೊಡುತ್ತಾರೆ, ಅದಕ್ಕೆ ಶೀರ್ಷಿಕೆ, ಜರ್ನಲ್, ಸಂಪುಟ, ಪುಟಗಳ ವಿವರ ಪೂರ್ತಿಯಾಗಿ ಬರೆದುಕೊಟ್ಟರೆ ಸಾಕು. ಈ ಸೌಲಭ್ಯವಿದೆ ಎಂದು ಕೇಳುವವರೇ ವಿರಳ.

ಈಗ ನೋಂದಾಯಿಸಿಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಯೋಜನೆಗೆ ಮಂಜೂರಾದ ಹಣ 2027ರ ಕೊನೆಯವರೆಗಿನದು, ಮಹಾಪ್ರಬಂಧ ಸಲ್ಲಿಸುವ ಹೊತ್ತಿಗೆ ಆ ಅವಧಿ ದಾಟಿರುತ್ತದೆ. ಉಪಯೋಗಕ್ಕೆ ಬರುವ ಲೇಖನವನ್ನು ಓದಿದ ದಿನವೇ ಅದರ ಶಾಶ್ವತ ಗುರುತಾದ ಡಿಒಐ ಸಂಖ್ಯೆಯ ಸಮೇತ ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದು ಒಳ್ಳೆಯದು. ಆದರೆ ಮುಂದೆ ಸಿಗದೇ ಹೋದರೆ ಎಂಬ ಆತಂಕದಲ್ಲಿ ಒಂದು ಜರ್ನಲಿನ ಸಂಪುಟಗಳನ್ನೆಲ್ಲ ಒಂದೇ ಕೂರಿಕೆಯಲ್ಲಿ ಇಳಿಸಿಕೊಳ್ಳಲು ಹೊರಡಬಾರದು. ಪ್ರಕಾಶಕರ ಒಪ್ಪಂದಗಳು ಅದನ್ನು ನಿಷೇಧಿಸುತ್ತವೆ, ಅವರ ಯಂತ್ರ ಅದನ್ನು ಗುರುತಿಸಿದರೆ ಒಬ್ಬರ ಖಾತೆಗೆ ಬದಲಾಗಿ ಇಡೀ ವಿಶ್ವವಿದ್ಯಾಲಯದ ಪ್ರವೇಶವನ್ನೇ ತಡೆಹಿಡಿಯುವುದುಂಟು.